ಹಳದಿ ಕಾಲು ನನಗೆ, ಕಪ್ಪು ಕಾಲು ನಿನಗೆ

ನಮ್ಮಮ್ಮ ಚಿಕ್ಕಗಂಗಮ್ಮ ಎಮ್ಮೆಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ಕೋಳಿಗಳ ಜೊತೆ ತೆಲುಗಿನಲ್ಲಿ. ಅಪ್ಪನ ಜೊತೆ ಎರಡರಲ್ಲೂ. ಸಮಾಧಾನವಾಗಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಹಾಗಾಗಿ ಹಿತ್ತಲಿನಿಂದ ಅಮ್ಮನ ತೆಲುಗು ಕೇಳಿಸಿದರೆ ಅವಳು ಕೋಳಿಗೆ ನುಚ್ಚು ಹಾಕುತ್ತಿದ್ದಾಳೋ, ಗಂಡನಿಗೆ ಬೈಯುತ್ತಿದ್ದಾಳೋ ಬೀದಿಯವರಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಜಗಲಿಯ ಮೇಲೆ ಕೂತುಕೊಂಡೇ, "ನನಗೇನೇ, ಕೋಳಿಗೇನೇ?" ಎಂದು ಕೂಗಿ ಕೇಳುತ್ತಿದ್ದರು.

ಅಮ್ಮ ತೆಲುಗು ಸೀಮೆಗೆ ಹತ್ತಿರದ ಆವನಿಯ ಹುಡುಗಿ. ಮದುವೆಯಾಗಿ ನಮ್ಮ ಹೋಳೂರಿಗೆ ಬಂದ ಮೊದಲ ದಿನವೇ, ದೇವರ ಮನೆ ಎಲ್ಲಿ ಎಂದು ಕೇಳುವ ಬದಲು ಕೋಳಿಗೂಡು ಎಲ್ಲಿ ಎಂದು ಕೇಳಿದಳಂತೆ. ಕುಳ್ಳಗಿದ್ದಳು, ದನಿ ದಪ್ಪ, ನಡೆದರೆ ಓಡಿದ ಹಾಗೆ. ಊರಿನಲ್ಲಿ ಯಾರ ಕೋಳಿ ಕಾಲು ಮುರಿದುಕೊಂಡರೂ ಅವಳ ಹತ್ತಿರವೇ ತರುತ್ತಿದ್ದರು. ಬಿದಿರ ಕಡ್ಡಿ ಇಟ್ಟು, ಬಟ್ಟೆ ಸುತ್ತಿ, ಕೋಳಿಗೂ ಅದರ ಯಜಮಾನನಿಗೂ ಸೇರಿಸಿ ಬೈದು ಕಳಿಸುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಅವಳ ಹತ್ತಿರ ಯಾರ ಆಟವೂ ನಡೆಯುತ್ತಿರಲಿಲ್ಲ. ಎಲೆ ಅಡಿಕೆ ಕೈ ಬದಲಾಯಿಸಿತೆಂದರೆ ಮಾತು ಮುಗಿಯಿತು. ಆಮೇಲೆ ಏನೇ ಆದರೂ ಆ ಮಾತು ನಡೆಯಬೇಕು. ನಮ್ಮ ಕಡೆ ಎಲ್ಲರೂ ಹೀಗೇ ಹೇಳುತ್ತಾರೆ, ಹೇಳಿ ಸ್ವಲ್ಪ ಆಚೆ ಈಚೆ ಮಾಡಿಕೊಳ್ಳುತ್ತಾರೆ. ಅಮ್ಮ ಮಾಡಿಕೊಳ್ಳುತ್ತಿರಲಿಲ್ಲ. ಅದೇ ನನ್ನ ಮದುವೆಗೆ ಕುತ್ತಾಯಿತು.

ನಾನು ಆದಿಲಕ್ಷ್ಮಿ. ಮೂರು ಗಂಡುಮಕ್ಕಳಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ನಮ್ಮ ಹಿತ್ತಲಿನ ಮಣ್ಣು ಗೋಡೆಯ ಆಚೆಗೇ ಅಪ್ಪನ ಅಕ್ಕ ವೆಂಕಟರತ್ನಮ್ಮನವರ ಮನೆ. ಊರೊಳಗೇ ಕೊಟ್ಟ ಹೆಣ್ಣು. ಅತ್ತೆ ಉದ್ದಕ್ಕೆ ತೆಳ್ಳಗಿದ್ದರು, ಎಂದೂ ದನಿ ಎತ್ತಿದವರಲ್ಲ. ಎಂಥ ಜಗಳದಲ್ಲೂ ಮುಗುಳ್ನಗುತ್ತಲೇ ಇರುತ್ತಿದ್ದರು. ಅಮ್ಮನಿಗೆ ಮೈಯೆಲ್ಲ ಉರಿಯುತ್ತಿದ್ದದ್ದೇ ಆ ನಗುವಿಗೆ. ಅತ್ತೆಯ ಗಂಡ ಮಾತಿನ ಮನುಷ್ಯರೇ ಅಲ್ಲ. ಅವರನ್ನು ಈ ಕಥೆಯಲ್ಲಿ ಹುಡುಕಬೇಡಿ. ಅವರ ಮಗ ಕದಿರೇಶ. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಅವನಿಗೆ ಎಂದು ಮಾತಾಗಿತ್ತು. ಇಂಥ ಮಾತಿಗೆ ಹುಡುಗಿಯರು ತಲೆ ತಗ್ಗಿಸಿ ಒಪ್ಪುತ್ತಾರೆ ಎಂದು ಹೇಳುವುದುಂಟು. ನಾನು ತಲೆ ಎತ್ತಿಕೊಂಡೇ ಒಪ್ಪಿದ್ದೆ. ಕದಿರೇಶ ನಕ್ಕರೆ ಅವನ ಕಿವಿಗಳೂ ಅಲುಗುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು. ಆದರೆ ತೊಟ್ಟಿಲ ಹತ್ತಿರ ಆಡಿದ ಮಾತು ಬರೀ ಬಾಯಿಮಾತು. ಅದಕ್ಕೆ ಎಲೆ ಅಡಿಕೆ ಬದಲಾಯಿಸಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾದ ವರ್ಷ, ಚಿನ್ನದ ಗಣಿಯ ಊರಿಗಾಮಿನಲ್ಲಿ ಹಾಲು ಮಾರುತ್ತಿದ್ದ ನನ್ನ ಸೋದರಮಾವ ಒಂದು ಕೋಳಿ ತಂದುಕೊಟ್ಟರು. ಯಾರೋ ಗಣಿ ದೊರೆ ಬಂಗಲೆ ಖಾಲಿ ಮಾಡಿಕೊಂಡು ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಹೇಂಟೆ. ಇಟ್ಟಿಗೆ ಕೆಂಪಿನ ಮೈ, ಕುಂಡೆ ತುಂಬ ಪುಕ್ಕ, ಕಾಲುಗಳು ಮಾತ್ರ ಅರಿಶಿನ ಹಚ್ಚಿ ಈಗ ತಾನೇ ಎದ್ದು ಬಂದಂಥ ಹಳದಿ. ಅಮ್ಮ ಅದನ್ನು ನೋಡಿ ಸಂತೋಷಕ್ಕೆ ಕನ್ನಡವನ್ನೇ ಮರೆತಳು. ದೊರೆಸಾನಿ ಎಂದು ಹೆಸರಿಟ್ಟಳು. ದೊರೆಸಾನಿ ಮೊಟ್ಟೆಯನ್ನೇನೋ ಧಾರಾಳವಾಗಿ ಇಡುತ್ತಿತ್ತು. ಆದರೆ ಕಾವಿಗೆ ಕೂರು ಎಂದರೆ ಕೂರದು. ಮೊಟ್ಟೆ ಇಟ್ಟು, ಕೊಕ್ಕೊಕ್ಕೋ ಎಂದು ಊರಿಗೆಲ್ಲ ಸಾರಿ, ತಿಪ್ಪೆಗೆ ಹೊರಟುಬಿಡುತ್ತಿತ್ತು.

ಗೋಡೆಯಾಚೆ ಅತ್ತೆಯ ಮನೆಯಲ್ಲಿ ಪಾಳೇಗಾರ ಎಂಬ ಹುಂಜ ಇತ್ತು. ಪುಂಗನೂರು ಕಡೆಯಿಂದ ಬಂದ ಜಾತಿ, ಎತ್ತರದ ಆಳು, ಕಾಲುಗಳು ಪಾಚಿ ಕಟ್ಟಿದ ಕಲ್ಲಿನ ಹಾಗೆ ಹಸಿರು ಬೆರೆತ ಕಪ್ಪು. ಮೊಟ್ಟೆ ಕಂಡರೆ ಸಾಕು ಹೋಗಿ ಕೂತುಬಿಡುವ ಒಂದು ಕರಿ ಕೋಳಿಯೂ ಅಲ್ಲೇ ಇತ್ತು. ದೊರೆಸಾನಿಯ ಮೊಟ್ಟೆ, ಪಾಳೇಗಾರನ ಬೀಜ, ಕರಿ ಕೋಳಿಯ ಕಾವು ಎಂದು ಅಮ್ಮನೂ ಅತ್ತೆಯೂ ಗೋಡೆಯ ಮೇಲೆ ಮೊಣಕೈ ಊರಿಕೊಂಡು ಮಾತಾಡಿಕೊಂಡರು.

"ಮರಿ ಹೆಂಗೆ ಹಂಚೋದೇ ಗಂಗಾ?" ಎಂದರು ಅತ್ತೆ.

"ಅದ್ರಲ್ಲೇನಿದೆ ಅತ್ತಿಗೆ? ನಮ್ಮ ದೊರೆಸಾನಿ ಕಾಲು ಬಂದಿದ್ದು ನಮಗೆ, ನಿಮ್ಮ ಪಾಳೇಗಾರನ ಕಾಲು ಬಂದಿದ್ದು ನಿಮಗೆ. ಹಳದಿ ನನ್ನದು, ಕಪ್ಪು ನಿಮ್ಮದು. ದೇವರೇ ಗುರುತು ಹಾಕಿ ಕಳಿಸ್ತಾನೆ, ನಮಗ್ಯಾಕೆ ಜಗಳ?"

"ಆಮೇಲೆ ಮಾತು ಬದಲಾಯಿಸಬಾರದು ಕಣೇ."

"ನಾನಾ? ಮಾತು ಬದಲಾಯಿಸೋಳು ನಾನಾ?" ಎಂದು ಅಮ್ಮ ಒಳಗೆ ಓಡಿ ಎಲೆ ಅಡಿಕೆ ತಂದು ಗೋಡೆಯ ಮೇಲಿಂದ ಅತ್ತೆಯ ಕೈಗೆ ಕೊಟ್ಟಳು. ಮಗಳ ಮದುವೆಗೆ ಕೊಡದ ಎಲೆ ಅಡಿಕೆಯನ್ನು ಕೋಳಿಮರಿಗೆ ಕೊಟ್ಟಳು ನೋಡಿ. ಆಚೆ ಕದಿರೇಶ ಹುಲ್ಲು ಕಟ್ಟುತ್ತಿದ್ದವನು ನನ್ನ ಕಡೆ ನೋಡಿ ನಕ್ಕ. ಕಿವಿಗಳು ಅಲುಗಿದವು.

ಮರಿಗಳು ಹನ್ನೊಂದು ಆದವು. ಎದ್ದ ದಿನ ಎಲ್ಲದರ ಕಾಲೂ ಒಂದೇ ಥರ ಮಂಕಾಗಿದ್ದವು. ವಾರ ವಾರಕ್ಕೂ ಬಣ್ಣ ತಿಳಿಯಾಗುತ್ತ ಬಂದು, ಸಂಕ್ರಾಂತಿಯ ಹೊತ್ತಿಗೆ ಯಾರ ಕಣ್ಣಿಗಾದರೂ ಕಾಣುವಂತಾಯಿತು: ಆರು ಹಳದಿ, ಐದು ಕಪ್ಪು. ಜುಟ್ಟು ಇನ್ನೂ ಮೂಡಿರಲಿಲ್ಲ, ಹುಂಜ ಯಾವುದು ಹೇಂಟೆ ಯಾವುದು ಎಂದು ಯಾರೂ ನೋಡಲೂ ಇಲ್ಲ. ಒಂದು ಹೆಚ್ಚಿಗೆ ಬಂತೆಂದು ಅಮ್ಮ ಆರನ್ನೂ ಮಂಕರಿಗೆ ತುಂಬಿಕೊಂಡು ಬೀದಿಯಲ್ಲೇ ನಡೆದು ಬಂದಳು. ಗೋಡೆ ದಾಟಿಸಿದ್ದರೆ ಆಗುತ್ತಿತ್ತು. ಆದರೆ ಗೋಡೆ ದಾಟಿಸಿದರೆ ಯಾರು ನೋಡುತ್ತಾರೆ?

"ನೋಡ್ರೀ, ಲಕ್ಷ್ಮೀ ಕಾಲುಗಳು," ಎಂದು ಅಪ್ಪನಿಗೆ ತೋರಿಸಿದಳು. "ಇವು ಬೆಳೆದು ಮೊಟ್ಟೆ ಇಟ್ರೆ ಹಿತ್ತಲಲ್ಲಿ ಕಾಲಿಡೋಕೆ ಜಾಗ ಇರಲ್ಲ."

ಯುಗಾದಿಗೆ ಸ್ವಲ್ಪ ಮುಂಚೆ ಒಂದು ಬೆಳಗಿನ ಜಾವ ನಮ್ಮ ಗೂಡಿನೊಳಗಿಂದ ಯಾರೋ ಗಂಟಲು ಕಟ್ಟಿದವರು ಕೆಮ್ಮಿದ ಹಾಗೆ ಕೇಳಿಸಿತು. ಆಮೇಲೆ ಇನ್ನೊಂದು ಕೆಮ್ಮು. ಅಮ್ಮ ಎದ್ದು ಕೂತಳು. ಅಷ್ಟರಲ್ಲಿ ಮೂರನೆಯದು ಕುಕ್ಕೂ ಎಂದು ಅರ್ಧಕ್ಕೆ ನಿಲ್ಲಿಸಿತು, ನಾಲ್ಕನೆಯದು ಅದನ್ನು ಮುಗಿಸಿತು. ಸ್ವಲ್ಪ ಹೊತ್ತಿನಲ್ಲಿ ಆರೂ ಸೇರಿ ಕೂಗತೊಡಗಿದವು, ಒಂದಕ್ಕೂ ಇನ್ನೊಂದಕ್ಕೂ ತಾಳವಿಲ್ಲ. ನನ್ನ ಅಣ್ಣಂದಿರು ಚಾಪೆಯ ಮೇಲೆ ಉರುಳಾಡಿಕೊಂಡು ನಕ್ಕರು. ಅಪ್ಪ ಗೋಡೆ ಕಡೆ ತಿರುಗಿ ಮಲಗಿ, ಭುಜ ಅಲುಗಿಸುತ್ತ, ನಿದ್ದೆ ಬಂದವರ ಹಾಗೆ ನಟಿಸಿದರು.

ಅಮ್ಮ ಗೂಡಿನ ಬಾಗಿಲು ತೆಗೆದು ಒಂದೊಂದನ್ನೇ ಎತ್ತಿ ನೋಡಿದಳು. ಆರೂ ಹುಂಜ. ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಚೆ ಅಂಗಳದಲ್ಲಿ ಪಾಳೇಗಾರನ ಕಾಲು ಹೊತ್ತ ಐದೂ ಸಣ್ಣ ಜುಟ್ಟಿನ, ಸಾಧು ಮುಖದ ಹೇಂಟೆಗಳು. ಅತ್ತೆ ಅವಕ್ಕೆ ರಾಗಿ ಚೆಲ್ಲುತ್ತ ನಿಂತಿದ್ದರು. ಮುಗುಳ್ನಗುತ್ತಿದ್ದರು.

"ಏಮಮ್ಮಾ ಅತ್ತಿಗೆ, ಇದೇನು ಮೋಸ?"

"ಯಾವ ಮೋಸಾನೇ? ಹಳದಿ ನಂದು ಅಂದೋಳು ನೀನು. ಎಲೆ ಅಡಿಕೆ ಕೊಟ್ಟೋಳೂ ನೀನೇ."

"ನಿಮಗೆ ಗೊತ್ತಿತ್ತು! ಹೆಣ್ಣಿಗೆಲ್ಲ ಅಪ್ಪನ ಕಾಲು, ಗಂಡಿಗೆಲ್ಲ ಅಮ್ಮನ ಕಾಲು ಅಂತ ನಿಮಗೆ ಮೊದಲೇ ಗೊತ್ತಿತ್ತು! ನಾಕು ತೆಲುಸು, ನನಗೆ ಗೊತ್ತು!"

ಅತ್ತೆಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಊರಿನ ಕೋಳಿಗಳೆಲ್ಲ ಬೆರಕೆ ಕಾಲಿನವು, ಇಷ್ಟು ಅಪ್ಪಟ ಹಳದಿಯೂ ಇಷ್ಟು ಅಪ್ಪಟ ಕಪ್ಪೂ ಯಾವತ್ತೂ ಜೋಡಿಯಾಗಿರಲಿಲ್ಲ. ಆದರೆ ಸಿಟ್ಟಿನಲ್ಲಿ ಬಾಯಿಂದ ಬಿದ್ದ ಆ ಮಾತು ಅಮ್ಮನಿಗೇ ಹಿಡಿಸಿಬಿಟ್ಟಿತು. ಸಂಜೆಯೊಳಗೆ ಅದು ಕೋಳಿಯನ್ನು ಬಿಟ್ಟು ಮನುಷ್ಯರ ಮೇಲೆ ಹತ್ತಿತು.

"ಗಂಡಿಗೆ ಅಮ್ಮನ ಗುಣಾನೇ ಬರೋದು," ಎಂದಳು ಅಪ್ಪನಿಗೆ ಮುದ್ದೆ ಬಡಿಸುತ್ತ. "ಹಂಗಾದ್ರೆ ಕದಿರೇಶ ಪೂರ್ತಿ ನಿಮ್ಮಕ್ಕನೇ. ಅದೇ ಮುಸಿ ಮುಸಿ ನಗು. ಅಂಥೋನಿಗೆ ನನ್ನ ಮಗಳನ್ನ ಕೊಡಲ್ಲ. ಎಲೆ ಅಡಿಕೆ ಆಗಿಲ್ಲ, ಮಾತೂ ಇಲ್ಲ."

ನನ್ನ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು. ಅಪ್ಪ ಏನೋ ಹೇಳಲು ಹೋದರು, ಅಷ್ಟರಲ್ಲಿ ಅಮ್ಮ ತೆಲುಗಿಗೆ ಹೊರಳಿದ್ದಳು. ಈ ಸಲ ಯಾರಿಗೆ ಎಂದು ಅಪ್ಪ ಕೇಳಲಿಲ್ಲ.

ಗೋಡೆಗೆ ಕಿವಿ ಇತ್ತೋ, ಗೋಡೆಯೇ ಗಿಡ್ಡವಿತ್ತೋ, ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆಚೆಯಿಂದ ನಿಧಾನವಾಗಿ ಹೇಳಿದರು: "ಹೆಣ್ಣಿಗೆ ಅಪ್ಪನ ಕಾಲು ಅಂದೋಳೂ ನೀನೇ ತಾನೇ ಗಂಗಾ? ಆದಿ ನನ್ನ ತಮ್ಮನ ಮಗಳು. ನಿನ್ನ ಲೆಕ್ಕದಲ್ಲೇ ಅವಳು ನಮ್ಮ ಮನೆ ಕಾಲು. ನನ್ನ ಪಾಲಿಗೇ ಬಂದ್ಲು."

ಅಮ್ಮ ಹಿತ್ತಲ ಬಾಗಿಲು ಧಡಾರನೆ ಹಾಕಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ನನ್ನನ್ನು ಕೂರಿಸಿ, ಕಾಲಿಗೆ ಬಿಸಿನೀರು ಹಾಕಿ ತೊಳೆದಳು. ತನ್ನ ಪಾದವನ್ನು ನನ್ನ ಪಾದದ ಪಕ್ಕ ಇಟ್ಟು ನೋಡಿದಳು. ಅವಳದು ಗಿಡ್ಡ, ಅಗಲ. ನನ್ನದು ಉದ್ದ, ತೆಳ್ಳಗೆ, ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಮುಂದೆ. ಅಪ್ಪನದೂ ಹಾಗೇ, ಅತ್ತೆಯದೂ ಹಾಗೇ. ಕಿವಿ ಹಿಡಿದು ನೋಡಿದಳು, ಮೂಗು ಹಿಡಿದು ನೋಡಿದಳು, ಹಣೆಯ ಕೂದಲು ಹಿಂದಕ್ಕೆ ತಳ್ಳಿ ನೋಡಿದಳು.

"ನಂದು ಅಂತ ಒಂದು ಬೆರಳೂ ಇಲ್ವಲ್ಲೇ ನಿನ್ನಲ್ಲಿ," ಎಂದಳು.

"ಬಾಯಿ ನಿಂದೇ ಅಂತಾರಲ್ಲಮ್ಮ ಎಲ್ಲರೂ," ಎಂದೆ. ನಗಿಸೋಣ ಎಂದುಕೊಂಡಿದ್ದೆ. ಅಮ್ಮ ನಗಲಿಲ್ಲ. ನನಗೆ ಅಳು ಬಂದುಬಿಟ್ಟಿತು, ಅವಳಿಗೆ ಕಾಣಬಾರದೆಂದು ಒರೆಸಿಕೊಳ್ಳಲು ಹೋಗಿ ಬಿಸಿನೀರಿನ ತಪ್ಪಲೆಯನ್ನು ಒದ್ದುಬಿಟ್ಟೆ.

ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು, ಊರಿಗೆಲ್ಲ ಬಾಡೂಟ. ಅತ್ತೆಯ ಮನೆಗೆ ನೆಂಟರು ಹೆಚ್ಚಾಗಿ, ವಯಸ್ಸಾಗಿದ್ದ ಪಾಳೇಗಾರ ಸಾರಾಗಿ ಹೋಯಿತು. ಹೋದ ಮೇಲೆ ನೋಡಿದರೆ ಅತ್ತೆಯ ಹಿತ್ತಲ ತುಂಬ ಹೇಂಟೆಗಳು, ಒಂದೂ ಹುಂಜ ಇಲ್ಲ. ನಮ್ಮ ಹಿತ್ತಲ ತುಂಬ ಹುಂಜಗಳು. ದೊರೆಸಾನಿ ಇಡುವ ಮೊಟ್ಟೆಗೆ ಕಾವು ಕೊಡುವ ಕರಿ ಕೋಳಿ ಆಚೆ. ಇಬ್ಬರಿಗೂ ಇಬ್ಬರೂ ಬೇಕು, ಇಬ್ಬರಿಗೂ ಮಾತಿಲ್ಲ. ಅಮ್ಮ ಬೈಯುವುದನ್ನೂ ಬಿಟ್ಟಿದ್ದಳು, ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಹುಂಜಗಳಿಗೆ ಈ ಮರ್ಯಾದೆಯೆಲ್ಲ ತಿಳಿಯದು. ಮುಂಗಾರು ಶುರುವಾಗಿ ಆಚೆಯ ಹೇಂಟೆಗಳು ಮೊಟ್ಟೆಗೆ ಬಂದದ್ದೇ ತಡ, ನಮ್ಮ ಆರೂ ಹುಂಜ ದಿನಾ ಬೆಳಿಗ್ಗೆ ನುಚ್ಚು ತಿಂದು, ಬಾಯಿ ಒರೆಸಿಕೊಂಡವರ ಹಾಗೆ ಕೊಕ್ಕು ಕಲ್ಲಿಗೆ ಉಜ್ಜಿ, ಗೋಡೆ ಹಾರಿ ಹೋಗುತ್ತಿದ್ದವು. ಅವನ್ನು ಹಿಡಿದು ತರುವ ಕೆಲಸ ನನ್ನದು. ಹಿಡಿದು ಕೊಡುವ ಕೆಲಸ ಕದಿರೇಶನದು. ಅಷ್ಟು ನಿಧಾನವಾಗಿ ಕೋಳಿ ಹಿಡಿದವರನ್ನು ಹೋಳೂರು ಕಂಡಿರಲಿಕ್ಕಿಲ್ಲ.

"ನಿಮ್ಮಮ್ಮನಿಗೆ ಇನ್ನೂ ಕೋಪಾನಾ?" ಎನ್ನುತ್ತಿದ್ದ.

"ಸುಡುಸುಡು."

"ಈ ಹುಂಜಗಳಿಗಿರೋ ಧೈರ್ಯ ನಮಗಿಲ್ವಲ್ಲೇ ಆದಿ."

"ನೀನೂ ಗೋಡೆ ಹಾರ್ಕೊಂಡು ಬಾ, ಅಮ್ಮ ನಿನ್ನ ಕಾಲೂ ನೋಡ್ತಾಳೆ," ಎಂದರೆ ನಕ್ಕುಬಿಡುತ್ತಿದ್ದ. ನನಗೆ ಆ ದಿನವೆಲ್ಲ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಅತ್ತೆ ಆ ಹೇಂಟೆಗಳ ಮೊಟ್ಟೆಗೆ ಕರಿ ಕೋಳಿಯನ್ನು ಮತ್ತೆ ಕಾವಿಗೆ ಕೂರಿಸಿದ ಸುದ್ದಿ ಅಮ್ಮನಿಗೆ ಮುಟ್ಟಿತು. ಅಂದು ಅವಳ ಮುಖ ಬೆಳಗಿತು. ಈ ಸಲ ಅಪ್ಪಂದಿರು ಯಾರು? ನಮ್ಮ ಹುಂಜಗಳು. ಅವುಗಳ ಕಾಲು ಯಾವುದು? ಹಳದಿ. ಹೆಣ್ಣಿಗೆ ಯಾರ ಕಾಲು? ಅಪ್ಪನದು. ಅಂದ ಮೇಲೆ ಈ ಸಲ ಹೇಂಟೆಗಳೆಲ್ಲ ಹಳದಿ, ಹುಂಜಗಳೆಲ್ಲ ಅಮ್ಮಂದಿರ ಹಾಗೆ ಕಪ್ಪು. ಹಳದಿ ನನ್ನದು ಎಂಬ ಮಾತು ಇದ್ದೇ ಇದೆ. ಅಮ್ಮ ಎಲೆ ಅಡಿಕೆ ಮಡಿಚಿ ಅಪ್ಪನ ಕೈಗಿಟ್ಟು, ಆಚೆ ಮನೆಗೆ ಕಳಿಸಿದಳು.

"ಹೇಳಿ ನಿಮ್ಮಕ್ಕನಿಗೆ. ಹುಂಜ ನಮ್ಮದು, ಪಾಲು ಹಳೇ ಮಾತಿನಂತೆ. ಈ ಸಲ ಜುಟ್ಟು ಕಾಣೋ ತನಕ ಕಾದು ಹಂಚೋಣ. ಹಳದಿ ಕಾಲಿನವೆಲ್ಲ ಹೇಂಟೆ ಬಂದ್ರೆ ಹೋದದ್ದು ವಾಪಸ್ ಬಂತು ಅಂದ್ಕೊಂಡು ಹುಡುಗೀನ ಕೊಡ್ತೀನಿ. ಹಳದಿ ಕಾಲಿನ ಒಂದೇ ಒಂದು ಹುಂಜ ಕಂಡ್ರೂ ಸಂಬಂಧ ಇಲ್ಲ."

ಅಪ್ಪ ಹೋಗಿ ಬಂದರು. "ಏನಂದ್ರು?" ಎಂದು ಅಮ್ಮ ಕೇಳಿದಳು.

"ಎಲೆ ಅಡಿಕೆ ತಗೊಂಡ್ಲು."

"ನಕ್ಕರಾ?"

"ನಕ್ಕಳು."

ಅಲ್ಲಿಗೆ ನನ್ನ ಮದುವೆ ಇನ್ನೂ ಮೊಟ್ಟೆಯೊಳಗಿದ್ದ ಮರಿಗಳ ಕಾಲಿಗೆ ಕಟ್ಟುಬಿತ್ತು. ಅಮ್ಮನ ಲೆಕ್ಕ ಸರಿ ಎಂದು ನಾನೂ ನಂಬಿದ್ದೆ. ನಂಬಿ ಹಾಡು ಹೇಳಿಕೊಂಡು ಓಡಾಡುತ್ತಿದ್ದೆ.

ದೀಪಾವಳಿಗೆ ಮುಂಚೆ ಒಂದು ದಿನ ಕದಿರೇಶ ಗೋಡೆಯ ಹತ್ತಿರ ಕರೆದ. ಕಿವಿಗಳು ಅಲುಗಲಿಲ್ಲ.

"ಆದೀ, ಲೆಕ್ಕ ತಪ್ಪಿದೆ ಕಣೇ. ಹಳದಿ ಕಾಲಿನ ಹೇಂಟೆ ಇವೆ, ಹುಂಜಾನೂ ಇವೆ. ಕಪ್ಪು ಕಾಲಿನಲ್ಲೂ ಹಂಗೇ, ಎರಡೂ ಇವೆ. ಎಲ್ಲಾ ಕಲಸಿಹೋಗಿದೆ."

ಇದರ ಗುಟ್ಟು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪಶುವೈದ್ಯ ಓದಿದ ನನ್ನ ಮಗನಿಂದ. ಈ ಕಾಲಿನ ಬಣ್ಣದ ಪಾಲು ಹುಂಜನೊಳಗೆ ಎರಡು ಇರುತ್ತವಂತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಹೇಂಟೆಯೊಳಗೆ ಒಂದೇ, ಅದೂ ಅಪ್ಪನಿಂದ ಬಂದದ್ದು. ಹೇಂಟೆ ತನ್ನದನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಹಳದಿಯೂ ಕಪ್ಪೂ ಒಂದೇ ಮೈಯಲ್ಲಿ ಸೇರಿದರೆ ಹಳದಿ ಹೊರಗೆ ಕಾಣುತ್ತದೆ, ಕಪ್ಪು ಒಳಗೆ ಅಡಗಿರುತ್ತದೆ. ಪಾಳೇಗಾರನೊಳಗೆ ಎರಡೂ ಕಪ್ಪೇ, ಹಾಗಾಗಿ ಹೆಣ್ಣುಮರಿಗಳೆಲ್ಲ ಕಪ್ಪಾದವು. ಅಮ್ಮನ ಹುಂಜಗಳೋ ಹೊರಗೆ ದೊರೆಸಾನಿ, ಒಳಗೆ ಪಾಳೇಗಾರ. ಅವು ಅರ್ಧ ಮರಿಗಳಿಗೆ ಹಳದಿಯನ್ನು ಕೊಟ್ಟವು, ಅರ್ಧಕ್ಕೆ ಕಪ್ಪನ್ನು. ಮನುಷ್ಯರ ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಅಜ್ಜಿಯ ಲೆಕ್ಕ ನಡೆಯುವುದಿಲ್ಲ ಎಂದ. ನೀನು ಇದನ್ನು ಮೊದಲೇ ಬಂದು ಹೇಳಬಾರದಿತ್ತೇನೋ ಎಂದು ರೇಗಿದೆ. "ಅದಕ್ಕೆ ಮೊದಲು ನಿನ್ನ ಮದುವೆ ಆಗಬೇಕಿತ್ತಲ್ಲಮ್ಮ," ಎಂದ.

ಆದರೆ ಅವತ್ತು ಗೋಡೆಯ ಹತ್ತಿರ ನಮಗೆ ಗೊತ್ತಿದ್ದದ್ದು ಒಂದೇ. ಹಳದಿ ಕಾಲಿನ ಹುಂಜ ಅಮ್ಮನ ಕಣ್ಣಿಗೆ ಬೀಳಬಾರದು. ಎರಡು ಇದ್ದವು. ನಾನು ಒಳಗೆ ಹೋಗಿ ನನ್ನ ಕಾಡಿಗೆ ಡಬ್ಬಿ ತಂದು ಕದಿರೇಶನ ಕೈಗೆ ಕೊಟ್ಟೆ.

ಹಂಚುವ ದಿನ ಅತ್ತೆಯ ಅಂಗಳದಲ್ಲಿ ಎಲ್ಲರೂ ಸೇರಿದೆವು. ಅಮ್ಮ ಆ ಮನೆಯ ಹೊಸ್ತಿಲು ದಾಟಿ ತಿಂಗಳುಗಳಾಗಿದ್ದವು. ಮಾತಾಡದೆ ನೇರವಾಗಿ ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೊದಲನೆಯದನ್ನು ಎತ್ತಿದಳು. ಹಳದಿ ಕಾಲು, ಹೇಂಟೆ. "ನೋಡಿದ್ರಾ!" ಎಂದಳು ಅಪ್ಪನಿಗೆ. ಎರಡನೆಯದು ಕಪ್ಪು ಕಾಲು, ಹುಂಜ. "ನೋಡಿದ್ರಾ!" ಮೂರನೆಯದು ಹಳದಿ ಹೇಂಟೆ. ನನ್ನ ಅಣ್ಣಂದಿರು ಶಿಳ್ಳೆ ಹಾಕಿದರು. ನಾಲ್ಕನೆಯದು ಕಪ್ಪು ಕಾಲಿನ ಹೇಂಟೆ.

"ಇದ್ಯಾಕೆ ಹಿಂಗೆ?" ಎಂದು ಅಮ್ಮ ಹುಬ್ಬು ಗಂಟಿಕ್ಕಿದಳು. ಆದರೂ ಅವಳ ಮಾತು ಇದ್ದದ್ದು ಹಳದಿ ಕಾಲಿನ ಬಗ್ಗೆ ಮಾತ್ರ. ಅದನ್ನು ಅತ್ತೆಯ ಕಡೆ ಬಿಟ್ಟಳು. ಐದನೆಯದು ಹುಂಜ, ಕಾಲು ಕಪ್ಪೋ ಕಪ್ಪು, ಪಾಳೇಗಾರನಿಗಿಂತ ಕಪ್ಪು, ಬಿಸಿಲಿಗೆ ಮಿರಿಮಿರಿ ಮಿನುಗುತ್ತಿತ್ತು. ಕದಿರೇಶ ಆಕಾಶ ನೋಡತೊಡಗಿದ. ಅಮ್ಮ ಅದನ್ನು ಅತ್ತೆಯ ಕಡೆ ಬಿಡಲು ಹೋದವಳು ನಿಂತಳು. ತನ್ನ ಅಂಗೈ ನೋಡಿಕೊಂಡಳು. ಅಂಗೈ ಕಪ್ಪಾಗಿತ್ತು. ಸೆರಗಿನ ತುದಿಗೆ ಎಂಜಲು ಹಚ್ಚಿ ಹುಂಜನ ಕಾಲು ಉಜ್ಜಿದಳು. ಕಪ್ಪಿನ ಕೆಳಗಿಂದ ಅರಿಶಿನದ ಹಳದಿ ಹೊರಬಂತು.

"ಏನ್ಲಾ ಕದಿರೇಶ, ಇದೇನ್ಲಾ?"

"ಅತ್ತೆ, ಅದು... ಹುಟ್ಟಿದಾಗಿಂದ ಹಂಗೇ ಅತ್ತೆ."

ಅಪ್ಪ ಇನ್ನು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕೂತರು. ಅತ್ತೆಗೆ ಮಗನ ಕೆಲಸ ಗೊತ್ತೇ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಮುಗುಳ್ನಗು ಮೀರಿ, ಬಾಯಿ ತೆರೆದು, ಜೋರಾಗಿ ನಕ್ಕರು. ಅಣ್ಣಂದಿರು, ಬೇಲಿಯಾಚೆ ನಿಂತವರು, ಎಲ್ಲರೂ ನಕ್ಕರು. ಆ ಗಲಾಟೆಗೆ ಹೆದರಿ ಹುಂಜ ಅಮ್ಮನ ಸೀರೆಯ ಮೇಲೆಲ್ಲ ಕಪ್ಪು ಹೆಜ್ಜೆ ಹಾಕಿ ತಪ್ಪಿಸಿಕೊಂಡು ಓಡಿತು. ಅಮ್ಮ ಮಾತ್ರ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಹರಳೆಣ್ಣೆ ದೀಪದ ಮಸಿಗೆ ಪಚ್ಚಕರ್ಪೂರ ಹಾಕಿ ಕಾಡಿಗೆ ಮಾಡುವವಳು ಊರಿನಲ್ಲಿ ಅವಳೊಬ್ಬಳೇ. ಅದನ್ನು ಅವಳು ಮಾಡುತ್ತಿದ್ದದ್ದು ನನಗೊಬ್ಬಳಿಗೇ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ನೀನೂನಾ?"

"ಹೂಂ," ಎಂದೆ.

"ಅಷ್ಟು ಬೇಕಾ ನಿನಗೆ ಈ ಮನೆ?"

"ಹೂಂ."

ನಗು ನಿಂತಿತು. ಅಮ್ಮ ಕುಕ್ಕರಗಾಲಿನಿಂದ ನೆಲಕ್ಕೆ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಕಣ್ಣು ಒರೆಸಿಕೊಂಡ ಕಡೆಯೆಲ್ಲ ಕಾಡಿಗೆ ಮೆತ್ತಿಕೊಂಡಿತು.

"ಹೇಂಟೆಗಳೂ ಈ ಕಡೆಗೇ, ಮಗಳೂ ಈ ಕಡೆಗೇ," ಎಂದಳು. "ಒಂದು ಸಲ, ಒಂದೇ ಒಂದು ಸಲ ಹೆಣ್ಣು ಅನ್ನೋದು ನನ್ನ ಕಡೆ ಬರಲಿ ಅಂತ ಆಸೆಪಟ್ಟೆ ಅತ್ತಿಗೆ. ನನ್ನ ಮನೇಲಿ ಬರೀ ಕೂಗೋವೇ ಉಳೀತಾವೆ." ಅಣ್ಣಂದಿರು ತಲೆ ತಗ್ಗಿಸಿದರು. ಇಷ್ಟು ದಿನ ಅವಳು ಕೋಳಿಗಾಗಿ ಜಗಳ ಆಡುತ್ತಿದ್ದಾಳೆಂದೇ ತಿಳಿದಿದ್ದೆ.

ಅತ್ತೆ ಬಂದು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. "ನಾನೂ ಆ ಮನೆ ಹೆಣ್ಣೇ ಅಲ್ವೇನೇ ಗಂಗಾ?" ಎಂದರು. "ನಮ್ಮಮ್ಮ ಹೋದ ಮೇಲೆ ನನಗೆ ತವರು ಅಂದ್ರೆ ನೀನೇ. ನೀನು ಬೈದ್ರೂ ಬಾಗಿಲು ತೆಗೆದಿರ್ತಿತ್ತು. ನೀನು ಮಾತು ಬಿಟ್ಟ ದಿನದಿಂದ ನನಗೆ ತವರೇ ಇಲ್ಲ ಕಣೇ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕೈ ಮುಂದೆ ಚಾಚಿದಳು. "ನನ್ನ ಎಲೆ ಅಡಿಕೆ ವಾಪಸ್ ಕೊಡಿ ಅತ್ತಿಗೆ. ಆ ಮಾತು ಬೇಡ."

ಅಪ್ಪನ ಬಾಯಿ ತೆರೆದುಕೊಂಡಿತು. ಅಮ್ಮ ಎಲೆ ಅಡಿಕೆಯ ಮಾತು ವಾಪಸ್ ಕೇಳಿದ್ದನ್ನು ಊರು ಕಂಡಿರಲಿಲ್ಲ.

"ಅದನ್ನ ಅವತ್ತೇ ಹಾಕ್ಕೊಂಡು ಉಗಿದುಬಿಟ್ಟೆ," ಎಂದರು ಅತ್ತೆ. "ಅಂಥ ಮಾತನ್ನ ಯಾರಾದ್ರೂ ಮನೇಲಿ ಇಟ್ಕೋತಾರಾ?"

ಅಮ್ಮನಿಗೆ ಅಳುವಿನ ಮಧ್ಯೆಯೇ ನಗು ಬಂತು. ಒಂದು ಸಲ ಬಂದದ್ದು ನಿಲ್ಲಲಿಲ್ಲ. ಮುಖದ ತುಂಬ ಕಾಡಿಗೆ ಮೆತ್ತಿಕೊಂಡು, ಅತ್ತೆಯ ಹೆಗಲಿಗೆ ಒರಗಿ, "ಉಗಿದ್ರಂತೆ! ಉಗಿದ್ರಂತೆ!" ಎಂದು ನಕ್ಕಳು. ಮರಿಗಳನ್ನು ಹಂಚುವುದು ಎಲ್ಲರಿಗೂ ಮರೆತೇ ಹೋಯಿತು. ಅವು ಹಳದಿ ಕಪ್ಪು ಎನ್ನದೆ ಎರಡೂ ಹಿತ್ತಲಲ್ಲಿ ಬೆಳೆದವು.

ರಾಗಿ ಕಣದ ಕೆಲಸ ಮುಗಿದ ಮೇಲೆ ನನ್ನ ಮದುವೆಯಾಯಿತು. ಹೆಣ್ಣು ಒಪ್ಪಿಸುವ ಹೊತ್ತು ಬಂತು. ನಮ್ಮ ಮನೆಯಿಂದ ಅತ್ತೆಯ ಮನೆಗೆ ಎಷ್ಟು ದೂರ? ಬೀದಿ ತಿರುಗಿದರೆ ಬಂತು. ಅಮ್ಮ ಗಾಡಿ ಕಟ್ಟಿಸಿದಳು. "ನಡೆದುಕೊಂಡು ಹೋಗೋಕೆ ನನ್ನ ಮಗಳೇನು ಬಿಟ್ಟಿ ಬಿದ್ದಿದ್ದಾಳಾ?" ಎಂದು ತಾನೂ ಹತ್ತಿ ನನ್ನ ಪಕ್ಕ ಕೂತಳು. ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಗಾಡಿ ಅವರ ಮನೆಯ ಮುಂದೆ ಬಂದಾಗ ಅಮ್ಮ, "ಇನ್ನೊಂದು ಸುತ್ತು ಹೊಡಿ," ಎಂದಳು. ಗಾಡಿ ಕೆರೆ ಏರಿಯ ಕಡೆ ಹೋಗಿ, ಊರು ಸುತ್ತಿ, ಮತ್ತೆ ಬಂತು. "ಇನ್ನೊಂದು." ವಾದ್ಯದವರು ಊದಿ ಊದಿ ಬಸವಳಿದರು. ಗಾಡಿಯ ಹಿಂದೆ ನಡೆಯುತ್ತಿದ್ದ ಕದಿರೇಶ ಪೇಟ ತೆಗೆದು ಬೆವರು ಒರೆಸಿಕೊಂಡ. ಅತ್ತೆ ಆರಿಹೋದ ಆರತಿಯನ್ನು ಮತ್ತೆ ಹಚ್ಚಿದರು. ಮುಂದಿನ ಸುತ್ತಿಗೆ ಎತ್ತುಗಳೇ ಅತ್ತೆಯ ಮನೆಯ ಮುಂದೆ ನಿಂತುಬಿಟ್ಟವು.

ಅಮ್ಮ ಇಳಿದು ನನ್ನ ಕೈ ಹಿಡಿದು ಇಳಿಸಿದಳು. ಹೊಸ್ತಿಲ ತನಕ ಕರೆದುಕೊಂಡು ಹೋಗಿ, ಅತ್ತೆಯ ಮುಖ ನೋಡದೆ ಹೇಳಿದಳು: "ಅತ್ತಿಗೆ, ಇವಳಿಗೆ ಬೆಳಿಗ್ಗೆ ಎದ್ದ ತಕ್ಷಣ ಹಸಿವಾಗುತ್ತೆ. ಕೇಳೋಕೆ ನಾಚಿಕೆ ಪಡ್ತಾಳೆ. ನೀವೇ ಕರೆದು ಕೊಡಬೇಕು."

"ಕೊಡ್ತೀನಿ ಗಂಗಾ," ಎಂದರು ಅತ್ತೆ.

ಆಮೇಲೆ ಅಮ್ಮ ನನ್ನ ಕೈ ಬಿಟ್ಟಳು.